ಲಾಂಗ್ ಎಷ್ಟು ಬೈಟ್? ಬೋರ್ಡನ್ನು ಮುಟ್ಟದೆ ಅಳೆಯುವ ನಾಲ್ಕು ದಾರಿ

ಮಲ್ಪೆಯ ಮೀನುಗಾರಿಕಾ ದೋಣಿಗಳ ಜಿಪಿಎಸ್ ದಾಖಲೆ ಇಡುವ ಪೆಟ್ಟಿಗೆಯೊಂದಕ್ಕೆ ಉಡುಪಿಯಲ್ಲಿ ಕುಳಿತು ತಂತ್ರಾಂಶ ಬರೆಯುತ್ತಿದ್ದೇವೆ. ಕಂಪೈಲ್ ಮಾಡುವ ಲ್ಯಾಪ್‌ಟಾಪ್ 64 ಬಿಟ್ ಲಿನಕ್ಸ್, ಓಡಿಸುವ ಬೋರ್ಡ್ 32 ಬಿಟ್ ಎಆರ್‌ಎಂ. ಸಿ ಭಾಷೆಯ ಪೂರ್ಣಾಂಕ ಟೈಪ್ ಆದ ಲಾಂಗ್ ಇಲ್ಲಿ 8 ಬೈಟ್, ಅಲ್ಲಿ 4. ಬೋರ್ಡಿಗೆಂದು ಕಟ್ಟಿದ ಪ್ರೋಗ್ರಾಂ ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಓಡದು, ಹಾಗಾಗಿ ಅಲ್ಲಿನ ಗಾತ್ರವನ್ನು ಬೇರೆ ದಾರಿಯಿಂದ ತಿಳಿಯಬೇಕು. ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿದರೆ ಬೈನರಿ ಕಡತದ ಒಂದು ಸಾಲೂ ನೆಟ್ಟಗೆ ಓದಲು ಸಿಗದು.

ಗಾತ್ರಗಳನ್ನು ಕೈಯಾರೆ ಸಂರಚನಾ ಕಡತದಲ್ಲಿ ಬರೆದಿಡುವುದು ಎಲ್ಲಕ್ಕಿಂತ ವೇಗದ ದಾರಿ. ಬೋರ್ಡ್ ಬದಲಾದಾಗ ಆ ಕಡತ ಯಾರ ನೆನಪಿಗೂ ಬರುವುದಿಲ್ಲ, ನಾನು ಬಿಟ್ಟುಬಿಟ್ಟೆ. ಬೋರ್ಡಿನ ಪ್ರೊಸೆಸರನ್ನು ಲ್ಯಾಪ್‌ಟಾಪ್‌ನಲ್ಲೇ ಅನುಕರಿಸುವ ಕ್ಯೂಇಎಂಯುವಿನಲ್ಲಿ ಪರೀಕ್ಷಾ ಪ್ರೋಗ್ರಾಂ ಓಡಿಸಿದರೆ ಸರಿಯಾದ ಉತ್ತರವೇ ಬರುತ್ತದೆ. ಆದರೆ ಬೋರ್ಡಿನ ಸಿ ಲೈಬ್ರರಿಯನ್ನೂ ಜೋಡಿಸಿಕೊಡಬೇಕು. ಒಂದು ಅಂಕಿಗಾಗಿ ಅಷ್ಟೊಂದು ಸಿದ್ಧತೆ ಅತಿಯಾಯಿತು.

ನಿಜವಾದ ಪೈಪೋಟಿ ಬಿಲ್ಡ್ ಸಿದ್ಧಪಡಿಸುವ ಸಲಕರಣೆಗಳಾದ ಆಟೋಕಾನ್ಫ್ ಮತ್ತು ಸಿಮೇಕ್ ನಡುವೆ. ಎರಡೂ ಪ್ರೋಗ್ರಾಂ ಓಡಿಸದೆಯೇ ಗಾತ್ರ ತಿಳಿಯುತ್ತವೆ. ಊಹೆ ತಪ್ಪಾದರೆ ಋಣ ಗಾತ್ರದ ಅರೇ ಹುಟ್ಟುವಂತೆ ಆಟೋಕಾನ್ಫ್ ಒಂದು ತುಣುಕು ಕೋಡ್ ಬರೆಯುತ್ತದೆ. ಕಂಪೈಲರ್ ಅದನ್ನು ತಿರಸ್ಕರಿಸಿದರೆ ಮುಂದಿನ ಊಹೆ. ಜಾಣತನವೇನೋ ಹೌದು, ಆದರೆ ಒಂದು ಟೈಪಿಗೆ ಹಲವು ಕಂಪೈಲ್. ಕಾಯುತ್ತಾ ಕುಳಿತರೆ ಚಹಾ ಆರಿಹೋಗುತ್ತದೆ. ಸಿಮೇಕ್ ಗಾತ್ರವನ್ನು ಅಕ್ಷರಗಳಾಗಿ ಬೈನರಿಯೊಳಗೆ ಹುದುಗಿಸಿ, ಆ ಕಡತವನ್ನು ಬರೀ ಓದಿ ಹೊರತೆಗೆಯುತ್ತದೆ. ಒಂದೇ ಕಂಪೈಲ್. ಆದರೆ ಅದು ಲಿಂಕ್ ಹಂತದವರೆಗೂ ಹೋಗುವುದರಿಂದ ಆಪರೇಟಿಂಗ್ ಸಿಸ್ಟಮ್ ಇಲ್ಲದ ಪುಟ್ಟ ಬೋರ್ಡುಗಳಲ್ಲಿ ಎಡವುತ್ತದೆ. ಪರೀಕ್ಷೆಯನ್ನು ಲಿಂಕ್ ಬೇಕಿಲ್ಲದ ಸ್ಟ್ಯಾಟಿಕ್ ಲೈಬ್ರರಿಯಾಗಿ ಕಟ್ಟು ಎಂದು, ಬೋರ್ಡಿನ ಕಂಪೈಲರ್ ಯಾವುದೆಂದು ತಿಳಿಸುವ ಟೂಲ್‌ಚೈನ್ ಕಡತದಲ್ಲಿ ಹೇಳಬೇಕು.

ಸಿಮೇಕ್ ನನ್ನನ್ನು ಹೆಚ್ಚು ಕಾಡಿಸಿದ್ದು ಸಮಯವನ್ನು ಸೆಕೆಂಡುಗಳಲ್ಲಿ ಎಣಿಸಿಡುವ ಟೈಮ್_ಟಿ ಟೈಪಿನ ವಿಷಯದಲ್ಲಿ. ನಮ್ಮ ಬೋರ್ಡಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅದು ಮಾಮೂಲಾಗಿ 4 ಬೈಟ್. 2038ರ ಜನವರಿ 19ಕ್ಕೆ ಅದರ ಎಣಿಕೆ ಮುಗಿಯುತ್ತದೆ. 2021ರಲ್ಲಿ ಬಂದ 2.34ನೇ ಆವೃತ್ತಿಯಿಂದ _ಟೈಮ್_ಬಿಟ್ಸ್ ಎಂಬ ವ್ಯಾಖ್ಯೆಯನ್ನು 64 ಮಾಡಿ 8 ಬೈಟ್ ಪಡೆಯಬಹುದು. ಜೊತೆಗೆ _ಫೈಲ್_ಆಫ್‌ಸೆಟ್_ಬಿಟ್ಸ್ ಕೂಡ 64 ಇರಲೇಬೇಕು, ಇಲ್ಲವಾದರೆ ಹೆಡರ್ ಕಡತವೇ ದೋಷ ತೋರಿಸುತ್ತದೆ. ಇವೆರಡನ್ನೂ ನಾವು ಕಟ್ಟುವ ಪ್ರೋಗ್ರಾಂಗೆ, ಅಂದರೆ ಟಾರ್ಗೆಟ್‌ಗೆ ಮಾತ್ರ ಸೇರಿಸಿ ನೋಡಿದೆ. ಸಿಮೇಕ್ ಪರೀಕ್ಷೆ 4 ಎಂದಿತು, ಕಟ್ಟಿದ ಪ್ರೋಗ್ರಾಂನಲ್ಲಿ 8 ಇತ್ತು! ಟಾರ್ಗೆಟ್‌ನ ವ್ಯಾಖ್ಯೆಗಳು ಪರೀಕ್ಷೆಗೆ ತಲುಪುವುದಿಲ್ಲ. ಟೂಲ್‌ಚೈನ್ ಕಡತದ ಸಿ ಫ್ಲ್ಯಾಗ್‌ಗಳಲ್ಲಿ ಇಟ್ಟ ಮೇಲೆ ಎರಡೂ ಒಂದಾದವು. ಆಟೋಕಾನ್ಫ್‌ನಲ್ಲಿ ಫ್ಲ್ಯಾಗ್‌ಗಳನ್ನು ಪರೀಕ್ಷೆ ನಡೆಸುವ ಕಾನ್ಫಿಗರ್‌ಗೇ ಕೊಡುವ ರೂಢಿಯಿರುವುದರಿಂದ ಈ ಪೇಚು ಕಡಿಮೆ.

ಆದರೂ ನಾನು ಸಿಮೇಕ್ ಇಟ್ಟುಕೊಂಡಿದ್ದೇನೆ. ಟೂಲ್‌ಚೈನ್ ಬದಲಿಸಿದಾಗಲೆಲ್ಲ ಬಿಲ್ಡ್ ಫೋಲ್ಡರ್ ಅಳಿಸುತ್ತೇನೆ, ಏಕೆಂದರೆ ಸಿಮೇಕ್ ಹಳೆಯ ಉತ್ತರವನ್ನೇ ಕ್ಯಾಶೆಯಿಂದ ಎತ್ತಿ ಕೊಡುತ್ತದೆ. ಕಡತದ ದಾಖಲೆಗಳಲ್ಲಿ ಲಾಂಗ್ ಬದಲು ಗಾತ್ರ ಎಲ್ಲೆಡೆ ಒಂದೇ ಇರುವ ಇಂಟ್32_ಟಿ, ಇಂಟ್64_ಟಿ ಮಾತ್ರ ಬಳಸುತ್ತೇವೆ. ಟೈಮ್_ಟಿ 8 ಬೈಟ್ ಅಲ್ಲದಿದ್ದರೆ ಕಂಪೈಲ್ ಅಲ್ಲಿಯೇ ನಿಲ್ಲುವಂತೆ ಸಿ11ರ ಸ್ಟ್ಯಾಟಿಕ್ ಅಸರ್ಟ್ ಒಂದನ್ನೂ ಹೆಡರ್‌ನಲ್ಲಿ ಸೇರಿಸಿದ್ದೇನೆ.