ಹಳೇ ಕ್ಯಾನನ್ 7ಡಿ: ಜಾಯ್‌ಸ್ಟಿಕ್ ಸೆಟ್ಟಿಂಗ್ ಬದಲಿಸಿದ ಮೇಲೆ

ಕ್ಯಾನನ್‌ನ 7ಡಿ ಕ್ಯಾಮೆರಾ ಬಂದಿದ್ದು 2009ರಲ್ಲಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ. ಇದರಲ್ಲಿ ಅದೆಲ್ಲ ಇಲ್ಲ. ಇರುವುದು 19 ಫೋಕಸ್ ಪಾಯಿಂಟ್, ಅಂದರೆ ಚೌಕಟ್ಟಿನಲ್ಲಿ ಫೋಕಸ್ ಹಿಡಿಯುವ ಜಾಗಗಳು. ಯಾವುದನ್ನು ಬಳಸಬೇಕು ಅಂತ ನಾವೇ ಹೇಳಬೇಕು. ಹಾಗಾಗಿ ಹೇಳುವ ದಾರಿ ಸಲೀಸಾಗಿರಬೇಕು ಅಲ್ವಾ? ವಿರಾಜಪೇಟೆ ಕಡೆಯ ಕಾಫಿ ತೋಟಗಳಲ್ಲಿ ಇದನ್ನು ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ: ಈ ಕ್ಯಾಮೆರಾದ ಅರ್ಧ ಬೆಲೆ ಪಾಯಿಂಟ್ ಆರಿಸುವ ಅದರ ಹಿಂಬದಿಯ ಜಾಯ್‌ಸ್ಟಿಕ್‌ನಲ್ಲಿದೆ.

ಆದರೆ ಅದು ಮೊದಲಿನಿಂದಲೇ ಹಾಗೆ ಕೆಲಸ ಮಾಡುವುದಿಲ್ಲ. ಮೊದಲು ಹಿಂಬದಿಯ ಬಲಮೂಲೆಯ ಬಟನ್ ಒತ್ತಬೇಕು, ಆಮೇಲೆ ಜಾಯ್‌ಸ್ಟಿಕ್ ಆಡಿಸಬೇಕು. ಸಿಲ್ವರ್ ಓಕ್ ಮರದ ಮೇಲೆ ಕೂತ ಭೀಮರಾಜ ಹಕ್ಕಿ ಅಷ್ಟು ಹೊತ್ತು ಕಾಯುತ್ತದೆಯೇ? ಮೆನುವಿನ ಕಸ್ಟಮ್ ಫಂಕ್ಷನ್‌ನ 4ನೇ ಗುಂಪಿನಲ್ಲಿ ಕಸ್ಟಮ್ ಕಂಟ್ರೋಲ್ಸ್ ತೆರೆದು, ಮಲ್ಟಿ ಕಂಟ್ರೋಲರ್‌ಗೆ (ಜಾಯ್‌ಸ್ಟಿಕ್‌ಗೆ ಕ್ಯಾನನ್ ಇಟ್ಟ ಹೆಸರು) 'ಎಎಫ್ ಪಾಯಿಂಟ್ ಡೈರೆಕ್ಟ್ ಸೆಲೆಕ್ಷನ್' ಕೊಡಿ; ಎಎಫ್ ಅಂದರೆ ಆಟೋಫೋಕಸ್. ಈಗ ಹೆಬ್ಬೆರಳು ತಳ್ಳಿದ ಕಡೆ ಪಾಯಿಂಟ್ ಓಡುತ್ತದೆ. ನೇರ ಒಳಕ್ಕೆ ಒತ್ತಿದರೆ ನಡುವಿಗೆ ಬರುತ್ತದೆ. ಕಣ್ಣು ವ್ಯೂಫೈಂಡರ್ ಬಿಟ್ಟು ಏಳುವುದೇ ಬೇಡ. ಮಳೆಗಾಲದಲ್ಲಿ ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಹೊದಿಸಿದಾಗಲೂ ಆ ಪುಟ್ಟ ಜಾಯ್‌ಸ್ಟಿಕ್ ಬೆರಳಿಗೆ ಸಿಗುತ್ತದೆ.

ಒಂದು ತೊಂದರೆ ಇದೆ. ಕುತ್ತಿಗೆಗೆ ನೇತುಹಾಕಿಕೊಂಡು ತೋಟದಲ್ಲಿ ನಡೆದರೆ ಜಾಯ್‌ಸ್ಟಿಕ್ ಹೊಟ್ಟೆಗೆ ತಾಗಿ ಪಾಯಿಂಟ್ ಎಲ್ಲೋ ಮೂಲೆಗೆ ಹೋಗಿ ಕೂತಿರುತ್ತದೆ. ಕ್ಯಾಮೆರಾ ಎತ್ತುವಾಗಲೇ ಒಮ್ಮೆ ಒಳಕ್ಕೆ ಒತ್ತುವುದು ನನಗೆ ಈಗ ರೂಢಿ.

ಕಸ್ಟಮ್ ಫಂಕ್ಷನ್‌ನ 3ನೇ ಗುಂಪಿನ 6ನೇ ಆಯ್ಕೆಯನ್ನೂ ಮರೆಯಬೇಡಿ. ಸ್ಪಾಟ್ ಎಎಫ್ ಮತ್ತು ಪಾಯಿಂಟ್ ಎಕ್ಸ್‌ಪ್ಯಾನ್ಶನ್ ಅಲ್ಲಿ ಅಡಗಿವೆ. ನಾವಾಗಿಯೇ ಟಿಕ್ ಮಾಡಬೇಕು. ಕಾಫಿ ಗಿಡದ ರೆಂಬೆಗಳ ಸಂದಿಯಲ್ಲಿ ಕುಟ್ರುಹಕ್ಕಿ ಕೂತಿದ್ದರೆ ಮಾಮೂಲಿ ಪಾಯಿಂಟ್ ಮುಂದಿನ ಎಲೆಗೇ ಅಂಟಿಕೊಳ್ಳುತ್ತದೆ. ಸ್ಪಾಟ್ ಸಣ್ಣದು, ಸಂದಿಯಲ್ಲಿ ನುಸುಳುತ್ತದೆ. ಓಡುವ ವಸ್ತುವಿಗೆ ಮಾತ್ರ ಅದು ಬೇಡ. ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಪಂದ್ಯಗಳಿಗೆ ನಾನು ಎಕ್ಸ್‌ಪ್ಯಾನ್ಶನ್‌ಗೆ ಬದಲಿಸುತ್ತೇನೆ. ಆಟಗಾರ ಪಾಯಿಂಟ್‌ನಿಂದ ಚೂರು ಜಾರಿದರೂ ಅಕ್ಕಪಕ್ಕದವು ಹಿಡಿದುಕೊಳ್ಳುತ್ತವೆ. ಪಾಯಿಂಟ್‌ಗಳ ಒಂದು ಗುಂಪನ್ನೇ ಬಳಸುವ ಝೋನ್ ಎಎಫ್, ಹತ್ತಿರ ಇರುವುದನ್ನು ಹಿಡಿಯಲು ನೋಡುತ್ತದೆ, ಗೋಲ್ ಮುಂದಿನ ಗುಂಪಿನಲ್ಲಿ ಅದು ಯಾರನ್ನು ಆರಿಸುತ್ತದೋ ದೇವರೇ ಬಲ್ಲ.

ಅದೇ 3ನೇ ಗುಂಪಿನ 12ನೇ ಆಯ್ಕೆ, ಕ್ಯಾಮೆರಾ ಅಡ್ಡ ಹಿಡಿದಾಗ, ಉದ್ದ ಹಿಡಿದಾಗ ಎರಡಕ್ಕೂ ಬೇರೆ ಬೇರೆ ಪಾಯಿಂಟ್ ನೆನಪಿಡುತ್ತದೆ. ಮದುವೆ ಮನೆಯಲ್ಲಿ ಕುಪ್ಪ್ಯಚೇಲೆ (ಕೊಡವ ಗಂಡಸರ ಸಾಂಪ್ರದಾಯಿಕ ಉಡುಪು) ತೊಟ್ಟವರನ್ನು ಉದ್ದಕ್ಕೆ ತೆಗೆಯುವಾಗ ಪಾಯಿಂಟ್ ಆಗಲೇ ಮುಖದ ಮೇಲಿರುತ್ತದೆ.

ಫೋಕಸ್ ಏನೇ ಸರಿಮಾಡಿದರೂ ಬೆಳಕಿನ ಮಿತಿ ಹೋಗುವುದಿಲ್ಲ. ದಟ್ಟ ನೆರಳಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600 ದಾಟಿಸಲು ನನಗೆ ಮನಸ್ಸಿಲ್ಲ. ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನ 2012ರ 2.0 ಆವೃತ್ತಿ ಹಾಕಿದ್ದರೆ ಆಟೋ ಐಎಸ್‌ಒಗೆ ಮೇಲ್ಮಿತಿ ಇಡಬಹುದು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮೆನುವಿನಲ್ಲಿ ಅದನ್ನು ನೋಡಿಕೊಳ್ಳಿ. ಜಾಯ್‌ಸ್ಟಿಕ್ ಎಂಟೂ ದಿಕ್ಕಿಗೆ ಸರಿಯಾಗಿ ಓಡುತ್ತದಾ ಅಂತ ಅಂಗಡಿಯಲ್ಲೇ ತಳ್ಳಿ ನೋಡಿ. ಒಂದು ದಿಕ್ಕು ಸತ್ತಿದ್ದರೂ ಬೇಡ.