ಕಂಪ್ಯೂಟರ್‌ನಿಂದ ಆಂಪ್ಲಿಫೈಯರ್‌ಗೆ: ಗುಂಯ್ ಸದ್ದು ನಿಲ್ಲಿಸಲು ಯಾವುದು ವಾಸಿ?

ಹಿಂದೂಸ್ತಾನಿ ಗಾಯನ ಕೇಳುವವರಿಗೆ ಗ್ರೌಂಡ್ ಲೂಪ್ ಹಮ್, ಅಂದರೆ ಅರ್ತ್ ತಂತಿಗಳಿಂದಾಗಿ ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದಿನಷ್ಟು ಕಾಟ ಕೊಡುವುದು ಬೇರೆ ಇಲ್ಲ. ನಮ್ಮ ಮನೆಗಳ ಕರೆಂಟು 50 ಹರ್ಟ್ಜ್. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಬಿಳಿ ಐದಕ್ಕಿಂತ, ಅಂದರೆ ಐದನೇ ಬಿಳಿ ಮನೆಯ ಸ್ವರಕ್ಕಿಂತ ಚೂರು ಮೇಲೆ. ಗಾಯಕರ ಶ್ರುತಿ ಕಪ್ಪು ಒಂದಾಗಿದ್ದರೆ ಈ ಗುಂಯ್ ಸದ್ದು ಹೆಚ್ಚುಕಡಿಮೆ ತೀವ್ರ ಮಧ್ಯಮದಲ್ಲೇ ಕೂರುತ್ತದೆ. ಬಾಗೇಶ್ರೀಯ ನಿಧಾನ ಆಲಾಪದಲ್ಲಿ ಪಕ್ಕದವರು ಬೇರೆ ಶ್ರುತಿಯ ತಂಬೂರಿ ಮೀಟುತ್ತಾ ಕೂತ ಹಾಗಿರುತ್ತದೆ. ಅದಕ್ಕೇ ಇದನ್ನು ಪೂರ್ತಿ ನಿಲ್ಲಿಸಲೇಬೇಕು ಅಂತ ಸಿಕ್ಕ ದಾರಿಗಳನ್ನೆಲ್ಲ ಹಚ್ಚಿ ನೋಡಿದೆ.

ನನ್ನ ಡೆಸ್ಕ್‌ಟಾಪ್‌ಗೂ ಮೂರು ಪಿನ್ನು, ಆಂಪ್ಲಿಫೈಯರ್‌ಗೂ ಮೂರು ಪಿನ್ನು. ನಡುವೆ ಹಾಡು ಸಾಗಿಸುವ ಉದ್ದನೆಯ ಆರ್‌ಸಿಎ ಕೇಬಲ್. ಎರಡೂ ಪೆಟ್ಟಿಗೆಗಳು ಗೋಡೆಯ ಅರ್ತ್ ಮೂಲಕ ಒಮ್ಮೆ ಸೇರಿವೆ, ಕೇಬಲ್ಲಿನ ಹೊರಗಿನ ಜಾಲರಿ ಮೂಲಕ ಇನ್ನೊಮ್ಮೆ ಸೇರುತ್ತವೆ. ಅಲ್ಲಿಗೆ ಒಂದು ಉಂಗುರ ಆಯಿತು, ಇದೇ ಗ್ರೌಂಡ್ ಲೂಪ್. ಎರಡು ಸಾಕೆಟ್ಟುಗಳ ಅರ್ತ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದ ಹುಟ್ಟುವ ಕರೆಂಟು ಜಾಲರಿಯಲ್ಲಿ ಹರಿಯುತ್ತದೆ. ಆರ್‌ಸಿಎಯಲ್ಲಿ ಹಾಡು ವಾಪಸ್ ಬರುವ ದಾರಿಯೂ ಅದೇ ಜಾಲರಿ, ಹಾಗಾಗಿ ಗುಂಯ್ ಸದ್ದು ಹಾಡಿನೊಳಗೇ ಬೆರೆಯುತ್ತದೆ. ಮನೆಯ ಸಾಧನಗಳಲ್ಲಿ ಹಾಡಿನ ಸಿಗ್ನಲ್ ಸುಮಾರು 0.3 ವೋಲ್ಟ್. ಅದಕ್ಕೆ ಒಂದು ಮಿಲಿವೋಲ್ಟ್ ಸೇರಿದರೂ ರಾತ್ರಿ ಹೊತ್ತು ಸ್ಪಷ್ಟವಾಗಿ ಕೇಳಿಸುತ್ತದೆ.

ಏನನ್ನಾದರೂ ಕೊಳ್ಳುವ ಮೊದಲು ಕಾಯಿಲೆ ಇದೇನಾ ಅಂತ ನೋಡಿಕೊಳ್ಳಿ. ಆಂಪ್ಲಿಫೈಯರ್ ಹಚ್ಚಿಟ್ಟು, ವಾಲ್ಯೂಮ್ ಇಳಿಸಿ, ಕಂಪ್ಯೂಟರ್ ಕಡೆಯ ಕೇಬಲ್ ಕೀಳಿ. ಆಮೇಲೆ ನಿಧಾನಕ್ಕೆ ವಾಲ್ಯೂಮ್ ಏರಿಸಿ. ಸದ್ದು ಹೋಗಿದ್ದರೆ ಲೂಪ್ ಇರುವ ಸಾಧ್ಯತೆ ಜಾಸ್ತಿ. ಲ್ಯಾಪ್‌ಟಾಪ್ ಆದರೆ ಇನ್ನೂ ಸುಲಭ, ಚಾರ್ಜರ್ ತೆಗೆದು ನೋಡಿದರೆ ಸಾಕು. ಸೆಟ್‌ಟಾಪ್ ಬಾಕ್ಸ್ ಕೂಡ ಅದೇ ಆಂಪ್ಲಿಫೈಯರ್‌ಗೆ ಸೇರಿದ್ದರೆ ಹೊರಗಿನಿಂದ ಬರುವ ಕೇಬಲ್ ಟಿವಿ ತಂತಿಯನ್ನೂ ಬಿಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ಲೂಪ್ ಒಳಗೆ ಬರುವುದೇ ಅಲ್ಲಿಂದ.

ನನ್ನ ಪರೀಕ್ಷೆ ಸರಳ. ಅದೇ ಗಾಯನ, ಅದೇ ವಾಲ್ಯೂಮ್. ಹಾಡು ನಿಲ್ಲಿಸಿ ಊಫರ್‌ಗೆ (ಸ್ಪೀಕರಿನಲ್ಲಿ ಕೆಳಸ್ಥಾಯಿ ನುಡಿಸುವ ದೊಡ್ಡ ಕೋನಿಗೆ) ಕಿವಿ ಹಚ್ಚುವುದು, ಆಮೇಲೆ ಹಾಡು ಬಿಟ್ಟು ತಬಲಾದ ಡಗ್ಗಾ, ಅಂದರೆ ಗುಮ್ ಅನ್ನುವ ದೊಡ್ಡ ವಾದ್ಯ, ಹೇಗೆ ಕೇಳುತ್ತದೆ ಅಂತ ನೋಡುವುದು.

ಮೊದಲು ಖರ್ಚಿಲ್ಲದ ದಾರಿ. ಎರಡನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದೆ. ಸದ್ದು ಚೆನ್ನಾಗಿಯೇ ಇಳಿಯಿತು, ಪೂರ್ತಿ ಹೋಗಲಿಲ್ಲ. ಮೌಸ್ ಅಲ್ಲಾಡಿಸಿದಾಗ ಬರುವ ಸಣ್ಣ ಚಿರ್ ಚಿರ್ ಹಾಗೇ ಉಳಿಯಿತು. ಹಿನ್ನೆಲೆಯಲ್ಲಿ ಹಾಡು ಹಾಕಿಕೊಂಡು ಕೆಲಸ ಮಾಡುವವರಿಗೆ ಇಷ್ಟೇ ಸಾಕಾಗಬಹುದು.

ಎರಡನೆಯದು ಕೆಲವೇ ನೂರು ರೂಪಾಯಿಗೆ ಸಿಗುವ ‘ಗ್ರೌಂಡ್ ಲೂಪ್ ಐಸೋಲೇಟರ್’. ಒಳಗಿರುವುದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡ ಬಲಕ್ಕೆ ಒಂದೊಂದು. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಯ ಸಂಪರ್ಕ ಕಡಿದು ಹೋಗುತ್ತದೆ. ಸಿಕ್ಕಿಸಿದ ಕ್ಷಣವೇ ಗುಂಯ್ ಸದ್ದು ಮಾಯ. ಆದರೆ ಡಗ್ಗಾದ ಗುಮ್ ಕೂಡ ತೆಳ್ಳಗಾಯಿತು. ಕಾರಣ ಇದೆ. ಕೋರ್ ಚಿಕ್ಕದಾದರೆ ಕೆಳಸ್ಥಾಯಿಯ ಜೋರು ಸದ್ದನ್ನು ಅದು ಹೊರಲಾರದು, ಬೇಗ ಸ್ಯಾಚುರೇಟ್ ಆಗಿ ಸದ್ದನ್ನು ಕೆಡಿಸುತ್ತದೆ. ಜೆನ್ಸನ್ ಕಂಪನಿಯದ್ದರ ತರಹದ ದೊಡ್ಡ ಕೋರಿನ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಈ ತೊಂದರೆ ತೀರಾ ಕಮ್ಮಿ, ಆದರೆ ಬೆಲೆ ಬೇರೆಯದೇ ಮಟ್ಟದ್ದು. ಸುದ್ದಿ, ಸಿನಿಮಾ ಮಾತು, ಚಿಕ್ಕ ಸ್ಪೀಕರ್‌ಗೆ ಅಗ್ಗದ್ದೇ ನಡೆಯುತ್ತದೆ. ತಬಲಾ, ಮೃದಂಗ ಪ್ರೀತಿಸುವವರಿಗೆ ನಾನು ಹೇಳುವುದಿಲ್ಲ.

ಮೂರನೆಯದು ಯುಎಸ್‌ಬಿ ಐಸೋಲೇಟರ್. ಕಂಪ್ಯೂಟರ್‌ಗೂ ಹೊರಗಿನ ಡ್ಯಾಕ್‌ಗೂ (ಅಂಕಿಗಳನ್ನು ಹಾಡಿನ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆಗೂ) ನಡುವೆ ಇದನ್ನು ಹಾಕಬೇಕು. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದು ಎಡಿಯುಎಂ3160 ಅಥವಾ 4160 ಚಿಪ್ಪು. ಇಲ್ಲಿ ದಾಟುವುದು ಬರೀ ಅಂಕಿಗಳು, ಆದ್ದರಿಂದ ಡಗ್ಗಾ ಗಟ್ಟಿಯಾಗಿಯೇ ಉಳಿಯಿತು. ಗುಂಯ್ ಸದ್ದೂ ಇಲ್ಲ, ಚಿರ್ ಚಿರ್ ಕೂಡ ಇಲ್ಲ. ಆದರೆ ಈ ಚಿಪ್ಪಿನ ವೇಗ ಸೆಕೆಂಡಿಗೆ 12 ಮೆಗಾಬಿಟ್ಟಿಗೆ ನಿಲ್ಲುತ್ತದೆ. 24 ಬಿಟ್, 96 ಕಿಲೋಹರ್ಟ್ಜ್ ಸ್ಟೀರಿಯೋ ಅದರಲ್ಲಿ ಹಿಡಿಸುತ್ತದೆ. ಹೊಸ ಡ್ಯಾಕ್‌ಗಳಲ್ಲಿ ಕೆಲವು 480 ಮೆಗಾಬಿಟ್ ವೇಗವನ್ನೇ ಕೇಳುತ್ತವೆ, ಅವು ಇದರ ಹಿಂದೆ ಸರಿಯಾಗಿ ಓಡುವುದಿಲ್ಲ. ಜಾಸ್ತಿ ಕರೆಂಟು ಎಳೆಯುವ ಡ್ಯಾಕ್ ಶುರುವಾಗದೆಯೂ ಇರಬಹುದು. ಕೊಳ್ಳುವ ಮೊದಲು ಡ್ಯಾಕ್‌ನ ವಿವರ ಓದಿ.

ನನ್ನ ಮನೆಯಲ್ಲಿ ಕೊನೆಗೆ ಉಳಿದಿದ್ದು ಆಪ್ಟಿಕಲ್. ತೋಶಿಬಾದವರು 1983ರಲ್ಲಿ ತಂದ ಟಾಸ್‌ಲಿಂಕ್. ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕು ಹೋಗುತ್ತದೆ, ಅಷ್ಟೇ. ತಂತಿಯೇ ಇಲ್ಲದ ಮೇಲೆ ಲೂಪ್ ಎಲ್ಲಿಂದ ಬರಬೇಕು? ಡೆಸ್ಕ್‌ಟಾಪ್ ಮದರ್‌ಬೋರ್ಡುಗಳಲ್ಲಿ ಹಲವಕ್ಕೆ ಹಿಂದೆ ಆ ಚೌಕದ ತೂತು ಇರುತ್ತದೆ. ಕೇಬಲ್ ಕೂಡ ಅಗ್ಗ. ಊಫರ್‌ಗೆ ಕಿವಿ ಒತ್ತಿ ಹಿಡಿದರೂ ಆಂಪ್ಲಿಫೈಯರಿನ ಸ್ವಂತ ಸಣ್ಣ ಸುಯ್ ಬಿಟ್ಟರೆ ಏನೂ ಇಲ್ಲ.

ಇಲ್ಲಿ ಒಂದು ಮುಖ್ಯ ವಿಷಯ. ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಇಲ್ಲದಿದ್ದರೆ ಆಪ್ಟಿಕಲ್‌ನಿಂದ ಆರ್‌ಸಿಎಗೆ ಬದಲಿಸುವ ಪುಟ್ಟ ಪೆಟ್ಟಿಗೆ ಬೇಕು. ಅದು 5 ವೋಲ್ಟ್‌ನಲ್ಲಿ ಓಡುತ್ತದೆ, ಜೊತೆಗೆ ಯುಎಸ್‌ಬಿ ವೈರ್ ಕೊಡುತ್ತಾರೆ. ಕೈಗೆ ಹತ್ತಿರ ಇದೆ ಅಂತ ಆ ವೈರನ್ನು ಅದೇ ಕಂಪ್ಯೂಟರ್‌ಗೆ ಸಿಕ್ಕಿಸಬೇಡಿ. ಬೆಳಕಿನಿಂದ ಕಡಿದ ಉಂಗುರ ಆ ಕಪ್ಪು ವೈರಿನ ಮೂಲಕ ಮತ್ತೆ ಕೂಡಿಕೊಳ್ಳುತ್ತದೆ, ಸದ್ದು ವಾಪಸ್ ಬರುತ್ತದೆ. ಎರಡು ಪಿನ್ನಿನ ಒಳ್ಳೆಯ ಫೋನ್ ಚಾರ್ಜರ್ ಹಾಕಿ.

ಬ್ಲೂಟೂತ್ ರಿಸೀವರ್ ಕೂಡ ಲೂಪ್ ಕಡಿಯುತ್ತದೆ. ಹಾಡಿಗೆ ಪರವಾಗಿಲ್ಲ. ಸಿನಿಮಾ ನೋಡುವಾಗ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಸ್ಟುಡಿಯೋ ಮಾನಿಟರ್ ಇಟ್ಟುಕೊಂಡವರಿಗೆ ಆಡಿಯೋ ಇಂಟರ್‌ಫೇಸ್ ಮತ್ತು ಬ್ಯಾಲೆನ್ಸ್ಡ್ ಕೇಬಲ್ ಸರಿ. ಅದರಲ್ಲಿ ಹಾಡಿಗೆ ಎರಡು ಪ್ರತ್ಯೇಕ ತಂತಿ ಇರುತ್ತವೆ, ಜಾಲರಿಯ ಮೇಲೆ ಹಾಡು ಹೋಗುವುದಿಲ್ಲ.

ಇನ್ನೊಂದು ಉಪಾಯ ಬಹಳ ಜನ ಹೇಳುತ್ತಾರೆ: ಮೂರನೇ ಪಿನ್ ತೆಗೆದುಬಿಡಿ. ಅದನ್ನು ನಾನು ಪರೀಕ್ಷೆಗೂ ತೆಗೆದುಕೊಂಡಿಲ್ಲ. ಸದ್ದು ನಿಲ್ಲಬಹುದು ನಿಜ. ಆದರೆ ಅರ್ತ್ ಇಲ್ಲದ ಕಂಪ್ಯೂಟರ್ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತದಲ್ವಾ, ಅದು ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟು. ಒಳಗೆ ಇನ್ಸುಲೇಷನ್ ಕೆಟ್ಟ ದಿನ ಅದೇ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ, ಅಲ್ಲಿಂದ ಆರ್‌ಸಿಎ ಜಾಲರಿ ಹಿಡಿದು ಆಂಪ್ಲಿಫೈಯರ್‌ವರೆಗೂ ಹೋಗಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಯಾರೂ ಈ ಕೆಲಸ ಮಾಡಬಾರದು.

ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಬರುವ ಗರ್ ಸದ್ದಿಗೆ ಕಾರಣ ಬೇರೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಆ ಸದ್ದು ಆಂಪ್ಲಿಫೈಯರಿನ ಪವರ್ ಟ್ರಾನ್ಸ್‌ಫಾರ್ಮರಿನಿಂದಲೇ ಬರುತ್ತಿರಬಹುದು. ಅದಕ್ಕೆ ಮೇಲಿನ ಯಾವುದೂ ಕೆಲಸ ಮಾಡುವುದಿಲ್ಲ, ಪ್ಯೂರ್ ಸೈನ್ ವೇವ್ ಇನ್ವರ್ಟರೇ ಬೇಕು.