ತೋಟದ ತಲೆಯ ಜಡ್ಡಿ: ಅಡಿಕೆ ಹಾಕೋದಾ, ಹಾಗೇ ಬಿಡೋದಾ?

ಸಾಗರ, ಹೊಸನಗರದ ಕಡೆ ಕೆಲವರ ಖಾತೆ ಜಾಗದಲ್ಲೇ ಒಂದಿಷ್ಟು ಕಾಡು, ಅದರ ನಡುವೆ ಜಡ್ಡಿ, ಅಂದರೆ ನೀರು ನಿಲ್ಲುವ ಕೆಸರು ಜಾಗ, ಇರುತ್ತದೆ. ಅದನ್ನು ಏನು ಮಾಡೋದು?

ಅಡಿಕೆ ಹಾಕಿದರೆ ಆದಾಯ ಜಾಸ್ತಿ, ಸುಳ್ಳಲ್ಲ. ಆದರೆ ಫಸಲಿಗೆ 5-6 ವರ್ಷ ಕಾಯಬೇಕು. ನೀರು ನಿಂತರೆ ಅಡಿಕೆ ಏಳುವುದಿಲ್ಲ, ಬಸಿಗಾಲುವೆ ವರ್ಷವರ್ಷ ಎತ್ತಬೇಕು. ಕೊಳೆ, ಎಲೆಚುಕ್ಕಿ ರೋಗ ಬೇರೆ. ಕಾಡುಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿಯೂ ಬೇಕು.

ಬಿಡುವ ಮೊದಲು, ಕಡಿಯುವ ಮೊದಲು ಒಮ್ಮೆ ಇಳಿದು ನೋಡಿ. ಕೆಸರಿನಿಂದ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದಿವೆಯಾ? ಉಸಿರಾಡಲು ಎದ್ದ ಬೇರುಗಳವು. ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಮರಗಳಿರುವ ಇಂಥ ಜಡ್ಡಿಗಳು ಈಗ ಬೆರಳೆಣಿಕೆಯಷ್ಟು. ಮಳೆ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ಬಿಡುವುದೂ ಇವೇ. ಇದನ್ನು ಲೆಕ್ಕದಲ್ಲಿ ಯಾರೂ ಬರೆಯೋದಿಲ್ಲ, ಅಲ್ವಾ? ರಾಮಪತ್ರೆ ಮಾರಿದರೆ ಸ್ವಲ್ಪ ಕಾಸು. ಮಂಗಟ್ಟೆ ಹಕ್ಕಿಗೆ ಗೂಡು ಕಟ್ಟಲು ಪೊಟರೆಯಿರುವ ಹಳೇ ಮರವೇ ಆಗಬೇಕು.

"ಸಿಂಗಳೀಕ ಕೋತಿ ಇದೆ ಅಂದ್ರೆ ಅರಣ್ಯ ಇಲಾಖೆಯವರು ಜಾಗ ತಗೋತಾರೆ" ಅನ್ನೋ ಭಯ ಹಲವರಿಗೆ. ಪ್ರಾಣಿ ಕಂಡ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಸಮುದಾಯ ಮೀಸಲು, ಅಂದರೆ ಖಾಸಗಿ ಜಾಗವನ್ನು ವನ್ಯಜೀವಿಗೆಂದು ಕಾಯ್ದಿಡುವ ದಾರಿಯೂ ಇದೆ. ಮಾಲೀಕ ತಾನಾಗಿ ಮುಂದೆ ಬಂದರೆ ಮಾತ್ರ. ಆದರೆ ಒಮ್ಮೆ ಘೋಷಣೆಯಾದರೆ ಜಾಗದ ಬಳಕೆ ಬದಲಿಸಲು ಸರ್ಕಾರದ ಒಪ್ಪಿಗೆ ಬೇಕು. ಅಣ್ಣತಮ್ಮಂದಿರ ಪಾಲು ಆಗದಿದ್ದರೆ ಅದಕ್ಕೆ ಕೈ ಹಾಕಬೇಡಿ.

ನನ್ನ ಕೇಳಿದರೆ, ಒಣ ಅಂಚಿನಲ್ಲಿ ಬೇಕಾದರೆ ಕಾಳುಮೆಣಸು ಹಬ್ಬಿಸಿ. ಜಡ್ಡಿಗೆ ಮಾತ್ರ ಜೆಸಿಬಿ ಇಳಿಸಬೇಡಿ.